ಮೊದಲ ಮೂರು ಗುಳಿಗಳು

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎದುರುಬದುರಾಗಿ ಎರಡು ಕೋಣೆಗಳಿವೆ. ಒಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ, ಇನ್ನೊಂದರಲ್ಲಿ ಮೈಯಿಂದ ಕತ್ತರಿಸಿ ತೆಗೆದ ಚೂರುಗಳ ಪರೀಕ್ಷೆ. ಚೂರುಗಳ ಕೋಣೆ ನನ್ನದು. ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ಮೂವತ್ತೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಎದುರಿನ ಕೋಣೆ ನನ್ನ ಸ್ನೇಹಿತನದಾಗಿತ್ತು. ಇಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು, ಒಂದೇ ವಯಸ್ಸಿನವರು. ಅವನು ನನ್ನನ್ನು ಮೇಣದಮ್ಮ ಎಂದು ಕರೆದ. ನಾನು ಅವನನ್ನು ಸೊನ್ನೆ ಎಂದೆ. ಎರಡು ಹೆಸರೂ ಕೊನೆಯವರೆಗೆ ನಿಂತವು.

ಎರಡೂ ಕೋಣೆಗಳಲ್ಲಿ ಏನನ್ನೂ ತಿನ್ನುವಂತಿಲ್ಲ. ಹಾಗಾಗಿ ಊಟದ ಡಬ್ಬಿ ಬಿಚ್ಚುತ್ತಿದ್ದದ್ದು ನಡುವಿನ ಓಣಿಯ ಬೆಂಚಿನ ಮೇಲೆ. ಆ ಬೆಂಚಿಗೆ ಒಂದು ಕಾಲು ಗಿಡ್ಡ. ಅವನು ಹಳೆಯ ಕಿಟ್ಟಿನ ರಟ್ಟನ್ನು ಮಡಚಿ ಕೆಳಗಿಟ್ಟಿದ್ದ. ರಟ್ಟು ನಜ್ಜಾದಾಗಲೆಲ್ಲ ಹೊಸದನ್ನು ಇಡುವುದೂ ಅವನೇ. ಕಿವಿಯ ಹಿಂದೆ ಪೆನ್ಸಿಲ್, ಊಟಕ್ಕೆ ಮೊದಲು ಮೊಣಕೈವರೆಗೆ ಕೈ ತೊಳೆಯುವ ಅಭ್ಯಾಸ, ಯಾರು ಏನೇ ಹೇಳಿದರೂ "ಎಷ್ಟು?" ಎಂದು ಕೇಳುವ ಚಾಳಿ. ತುಂಬಾ ಜ್ವರ ಎಂದರೆ ಎಷ್ಟು, ತುಂಬಾ ದೂರ ಎಂದರೆ ಎಷ್ಟು. ಅಂಕಿ ಹೇಳದವರ ಮಾತು ಅವನ ತಲೆಗೆ ಇಳಿಯುತ್ತಿರಲಿಲ್ಲ.

ಸೊನ್ನೆ ಎಂಬ ಹೆಸರು ಬಂದದ್ದು ಕೆಲಸದಿಂದ. ದಾನಿಗಳ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೇ ಎಂದು ನೋಡಲು ತೊಂಬತ್ತಾರು ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯೊಂದಿರುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿನೀರಿಗೆ ಸೀರಂ ಎನ್ನುತ್ತಾರೆ. ಒಬ್ಬೊಬ್ಬ ದಾನಿಯ ಸೀರಂ ಒಂದೊಂದು ಗುಳಿಗೆ. ವೈರಾಣುವಿನ ಹೊರಕವಚದ ಚೂರು ಅದರಲ್ಲಿದ್ದರೆ ಕೊನೆಗೆ ಆ ಗುಳಿ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರಿನಂತೆ ಉಳಿಯುತ್ತದೆ. ಹಳದಿ ಎಷ್ಟೆಂಬುದಕ್ಕೆ ಯಂತ್ರ ಅಂಕಿ ಕೊಡುತ್ತದೆ. ಎಷ್ಟರ ಮೇಲೆ ಕೆಟ್ಟದ್ದು ಎನ್ನಲು ಒಂದು ಗೆರೆ ಬೇಕಲ್ಲ? ಅದಕ್ಕಾಗಿ ಮೊದಲ ಮೂರು ಗುಳಿಗಳಲ್ಲಿ, ರೋಗವಿಲ್ಲವೆಂದು ಖಚಿತವಾಗಿ ಗೊತ್ತಿರುವ ಸೀರಂ ಹಾಕುತ್ತಾರೆ. ಆ ಮೂರರ ಸರಾಸರಿಗೆ ಅರವತ್ತು ಕೂಡಿಸಿದರೆ ಆ ದಿನದ ಗೆರೆ ಸಿಗುತ್ತದೆ.

ಖಚಿತವಾದ ಆ ಸೀರಂ, ಪರೀಕ್ಷೆಯ ಸಾಮಾನೆಲ್ಲ ತುಂಬಿದ ಕಿಟ್ಟಿನೊಳಗೆ ಒಂದು ಪುಟ್ಟ ಸೀಸೆಯಲ್ಲಿ ಬರುತ್ತಿತ್ತು. ಇಡೀ ತಟ್ಟೆಯನ್ನು ಒಂದೆರಡು ದಿನದಲ್ಲಿ ಮುಗಿಸುವ ದೊಡ್ಡ ಆಸ್ಪತ್ರೆಗಳ ಅಳತೆಗೆ ತುಂಬಿಸಿದ ಸೀಸೆ ಅದು. ನಮ್ಮಲ್ಲಿ ದಿನಕ್ಕೆ ಎಂಟು, ಹತ್ತು ದಾನಿಗಳು, ಆದರೂ ದಿನವೂ ಮೂರು ಗುಳಿ ಆ ಸೀರಮ್ಮಿಗೇ. ತಟ್ಟೆ ಅರ್ಧ ಉಳಿದಿರುವಾಗಲೇ ಸೀಸೆಯ ತಳ ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಅವನು ತನ್ನ ತೋಳಿನಿಂದಲೇ ರಕ್ತ ತೆಗೆದು, ಕಿಟ್ಟಿನ ಸೀಸೆಯೊಂದಿಗೆ ಹೋಲಿಸಿ ನೋಡಿದ. ಎರಡೂ ನಲವತ್ತರ ಆಸುಪಾಸು. ಅದನ್ನು ಸಣ್ಣ ಕೊಳವೆಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟ. ಆಮೇಲೆ ತಿಂಗಳ ಮೊದಲ ಸೋಮವಾರವೆಂದರೆ ಅವನು ಅಂಗಿಯ ಎಡ ತೋಳು ಮಡಚುವ ದಿನ. ಆ ಕಾಲಕ್ಕೆ ಹೀಗೆ ಮಾಡುತ್ತಿದ್ದವನು ಅವನೊಬ್ಬನೇ ಅಲ್ಲ.

"ಈ ಊರಲ್ಲಿ ಯಾರ ರಕ್ತ ಒಳ್ಳೇದು ಅಂತ ತೀರ್ಮಾನ ಆಗೋದು ನನ್ನ ರಕ್ತ ನೋಡಿ ಕಣೇ," ಎಂದು ಬೆಂಚಿನ ಮೇಲೆ ಜಂಭ ಕೊಚ್ಚಿಕೊಂಡ.

"ಎಷ್ಟು ಬಂತು ನಿನ್ನದು?"

"ನಲವತ್ತು. ಅಂದ್ರೆ ಇಲ್ಲ ಅಂತಾನೇ ಅರ್ಥ."

"ಹಾಗಾದ್ರೆ ನೀನು ಸೊನ್ನೆ."

"ಸೊನ್ನೆನೇ. ಬೇಕಾದ್ರೆ ಬಾಗಿಲ ಮೇಲೆ ಬರೆಸು."

ಅವನ ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ನಾನು ಅತ್ತಿಗೆ ಎನ್ನುತ್ತಿದ್ದೆ. ಒಮ್ಮೆ ಮನೆಗೆ ಹೋದಾಗ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತಿಗೆ ಅದರ ಕೆಳಗೆ ಪಾತ್ರೆಯಿಡುತ್ತಾ, "ತಿಂಗಳು ತಿಂಗಳು ಆಫೀಸಿಗೆ ರಕ್ತ ಕೊಡ್ತಾರೆ ನಿಮ್ಮ ಸ್ನೇಹಿತರು. ಈ ನಲ್ಲಿಗೆ ಒಂದು ವಾಷರ್ ಕೊಡೋಕೆ ಎಂಟು ತಿಂಗಳಾಯ್ತು," ಎಂದರು. ಅವನು ಪೇಪರಿನ ಹಿಂದಿನಿಂದ, "ಏಳೂವರೆ," ಎಂದ.

ಮೊದಮೊದಲು ಪ್ರತಿ ತಿಂಗಳೂ ತನ್ನ ಹೊಸ ಸೀರಮ್ಮನ್ನು ಕಿಟ್ಟಿನ ಸೀಸೆಯೊಂದಿಗೆ ಹೋಲಿಸುತ್ತಿದ್ದ. ನಲವತ್ತು, ನಲವತ್ತೆರಡು, ಮೂವತ್ತೆಂಟು. ವರ್ಷಗಟ್ಟಲೆ ಒಂದೇ ಉತ್ತರ ಕೊಟ್ಟವನನ್ನು ಮತ್ತೆ ಮತ್ತೆ ಯಾರು ಪ್ರಶ್ನೆ ಕೇಳುತ್ತಾರೆ? ಯಾವಾಗ ಬಿಟ್ಟನೋ ಅವನಿಗೇ ನೆನಪಿರಲಿಲ್ಲ.

ಹನ್ನೊಂದು ವರ್ಷ ಹೀಗೆ ನಡೆಯಿತು. ಹನ್ನೆರಡನೇ ವರ್ಷದ ಒಂದು ಸೋಮವಾರ ತೆಗೆದ ಸೀರಂ ನೂರ ಹತ್ತು ತೋರಿಸತೊಡಗಿತು. ಮೊದಲ ಮೂರು ಗುಳಿಗಳು ನೂರ ಇಪ್ಪತ್ತು ದಾಟಿದರೆ ಆ ದಿನದ ಪರೀಕ್ಷೆಯೇ ರದ್ದು ಎಂಬ ನಿಯಮವಿದೆ. ಇದು ಹತ್ತು ಕಡಿಮೆ. ಹಾಗಾಗಿ ತಟ್ಟೆ ಪಾಸಾಯಿತು. ಬೆಂಚಿನ ಮೇಲೆ ಅವನು ಹೇಳಿದ.

"ನನ್ನ ಸೊನ್ನೆ ಯಾಕೋ ಮೇಲೆ ಹೋಗಿದೆ ಕಣೇ. ತಟ್ಟೆ ತೊಳೆಯೋ ಯಂತ್ರದ ಸೂಜಿ ಕಟ್ಟಿಕೊಂಡಿರಬೇಕು."

"ನಿನ್ನ ಫ್ರೀಜರಿನ ಬಾಗಿಲ ರಬ್ಬರ್ ನೋಡಿದ್ದೀಯಾ? ಸೀರಂ ಕರಗಿ ಕರಗಿ ಮತ್ತೆ ಗಟ್ಟಿಯಾಗ್ತಿದೆ," ಎಂದೆ ನಾನು.

ಅವನು ರಬ್ಬರ್ ಬದಲಿಸಿದ. ಸೂಜಿಗಳನ್ನೂ ಒಂದೊಂದಾಗಿ ತೊಳೆದ. ಅಂಕಿ ಇಳಿಯಲಿಲ್ಲ. ಅದೇ ತಟ್ಟೆಯಲ್ಲಿ ದಾನಿಗಳದ್ದೆಲ್ಲ ನಲವತ್ತರ ಹತ್ತಿರ, ಅವನದು ಮಾತ್ರ ನೂರ ಹತ್ತು. ಬೇರೆ ಯಾರದಾದರೂ ಹೀಗೆ ಕಂಡಿದ್ದರೆ ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದ. ಸೂಜಿಯ ಮೇಲೆ ಸಂಶಯ ಬಂತು, ರಬ್ಬರಿನ ಮೇಲೆ ಬಂತು. ಅಳತೆಯ ಮೇಲೆಯೇ ಸಂಶಯ ಪಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ತಿಂಗಳ ಹೊಸ ರಕ್ತ ಹಾಕಿದ ದಿನ ಮೊದಲ ಮೂರು ಗುಳಿಗಳು ಅರಿಶಿನದ ನೀರಿನಂತೆ ಹಳದಿಯಾದವು. ಉಳಿದವೆಲ್ಲ ತಿಳಿಯಾಗಿದ್ದವು. "ಕಿಟ್ ಹಾಳಾಗಿದೆ," ಎಂದರು ರಕ್ತದ ಕೋಣೆಯ ಡಾಕ್ಟರು. ಅವನು ಹೊಸ ಕಿಟ್ ಒಡೆದ. ಈ ಸಲ ಮೊದಲ ಮೂರಕ್ಕೆ ಕಿಟ್ಟಿನ ಸೀಸೆಯದನ್ನೇ ಹಾಕಿ, ತನ್ನದನ್ನು ಕೊನೆಯ ಗುಳಿಯಲ್ಲಿ, ಯಾರೋ ಬೇರೆಯವರದೆಂಬಂತೆ ಹಾಕಿದ. ಎರಡು ಗಂಟೆಯ ನಂತರ ಬಂದು ನನ್ನ ಬಾಗಿಲಲ್ಲಿ ನಿಂತ.

"ಬಾ ಇಲ್ಲಿ."

ಹೋಗಿ ನೋಡಿದೆ. ತಟ್ಟೆಯಲ್ಲಿ ಒಂದೇ ಹಳದಿ ಚುಕ್ಕೆ.

ಮೂರು ತಿಂಗಳ ಹಿಂದೆ ಯಾರದೋ ರಕ್ತ ತೆಗೆದ ಸೂಜಿಗೆ ಮುಚ್ಚಳ ಹಾಕುವಾಗ ಹೆಬ್ಬೆರಳಿಗೆ ಚುಚ್ಚಿಕೊಂಡಿದ್ದ. ಹಾಗೆ ಚುಚ್ಚಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಸಿಬ್ಬಂದಿಗೆ ಲಸಿಕೆ ಬರುವುದಿತ್ತು, ಎರಡು ವರ್ಷದಿಂದ ಬರುವುದಿತ್ತು. ಮನೆಯಲ್ಲಿ ಅತ್ತಿಗೆಗೆ, ಮಗಳಿಗೆ ಏನಾದರೂ ಹತ್ತಿದೆಯೇ ಎಂದು ನಾನು ಕೇಳುವ ಹೊತ್ತಿಗೆ ಅವನು ಆಗಲೇ ಕಪಾಟಿನಿಂದ ಕಳೆದ ತಿಂಗಳ ಅಂಕಿಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದ್ದ.

"ಅವರಿಬ್ಬರ ರಕ್ತ ನಾಳೆ ತೆಗೀತೀನಿ. ಮೊದಲು ಇದು," ಎಂದ. "ಕಳೆದ ತಿಂಗಳೆಲ್ಲ ಗೆರೆ ಎಲ್ಲಿತ್ತು, ಹೇಳು?"

ನೂರ ಹತ್ತಕ್ಕೆ ಅರವತ್ತು ಕೂಡಿಸಿ ನೂರ ಎಪ್ಪತ್ತು. ಇರಬೇಕಾಗಿದ್ದದ್ದು ನೂರು. ಅಂದರೆ ಇಪ್ಪತ್ತಾರು ದಿನ, ನೂರು ದಾಟಿ ನೂರ ಎಪ್ಪತ್ತರೊಳಗಿದ್ದ ಯಾವ ರಕ್ತವಾದರೂ ಒಳ್ಳೆಯದೆಂಬ ಮುದ್ರೆ ಬಿದ್ದು ಹೊರಗೆ ಹೋಗಿರುತ್ತದೆ. ಕಿವಿಯ ಪೆನ್ಸಿಲ್ ತೆಗೆದು ಇನ್ನೂರ ಹದಿನಾಲ್ಕು ಅಂಕಿಗಳ ಮೇಲೆ ಒಂದೊಂದಾಗಿ ತುದಿ ಇಡುತ್ತಾ ಹೋದ. ನಾನು ಪಕ್ಕದಲ್ಲಿ ನಿಂತಿದ್ದೆ. ನಲವತ್ತು. ಮೂವತ್ತಾರು. ಐವತ್ತೊಂದು. ನೂರ ಅರವತ್ತೆಂಟನೆಯದರ ಮೇಲೆ ಪೆನ್ಸಿಲ್ ನಿಂತಿತು. ನೂರ ನಲವತ್ತೆಂಟು. ಉಳಿದವನ್ನೂ ಮುಗಿಸಿದ. ಬೇರೆ ಯಾವುದೂ ಇರಲಿಲ್ಲ.

ಆ ರಕ್ತದ ಚೀಲದ ಜೊತೆ ತೆಗೆದಿಟ್ಟಿದ್ದ ಮಾದರಿ ಕೊಳವೆ ಇನ್ನೂ ಇತ್ತು. ಮರುಪರೀಕ್ಷೆಯಲ್ಲಿ ಅದು ಮಸುಕಾದ ಹಳದಿ ತೋರಿಸಿತು. ಚೀಲ ಹೋಗಿದ್ದು ಗರ್ಭಕೋಶದ ಶಸ್ತ್ರಚಿಕಿತ್ಸೆಯಾದ ಒಬ್ಬ ಹೆಂಗಸಿಗೆ. ವೃತ್ತಿ: ಹೊಲಿಗೆ. ಆಗಲೇ ಮನೆಗೆ ಹೋಗಿದ್ದಳು. ರಕ್ತ ಕೊಟ್ಟ ಬಸ್ ಕಂಡಕ್ಟರನ್ನು ಡಾಕ್ಟರು ಕರೆಸಿ ಹೇಳಿದರು. ಹೆಂಗಸಿಗೆ ಪತ್ರ ಹೋಗುತ್ತದೆ ಎಂದರು.

"ಪತ್ರ ನಾನೇ ತಗೊಂಡು ಹೋಗ್ತೀನಿ ಸಾರ್," ಎಂದ ಅವನು. ಓಣಿಗೆ ಬಂದು ನನ್ನನ್ನು ಕೇಳಿದ, "ಬರ್ತೀಯಾ?"

ಹೋದೆ. ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆಯ ಅಂಗಡಿ. ಕಿಟಕಿಗೆ ಒತ್ತಿಕೊಂಡು ಯಂತ್ರ, ನೆಲದ ತುಂಬಾ ಬಟ್ಟೆಯ ಚೂರು, ಗೋಡೆಗೆ ನೇತುಹಾಕಿದ ಕಬ್ಬಿಣದ ಅಳತೆಪಟ್ಟಿ. ಅವಳು ನಮಗಿಂತ ಹತ್ತು ವರ್ಷ ದೊಡ್ಡವಳು. ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತೇನೋ, ದಿಂಬಿಗೆ ಒರಗಿ ಕೂತು ಗುಂಡಿ ಹಚ್ಚುತ್ತಿದ್ದಳು.

"ಅಕ್ಕ, ನಾನು ಆಸ್ಪತ್ರೆಯಿಂದ..."

"ಗಂಡಸರ ಬಟ್ಟೆ ಹೊಲಿಯಲ್ಲ. ಅವರದಾದ್ರೆ ಹದಿನೈದು ದಿನ ಆಗುತ್ತೆ," ಎಂದು ನನ್ನ ಕಡೆ ಗಲ್ಲ ತೋರಿಸಿದಳು, ತಲೆ ಎತ್ತದೆ.

ಅವನು ಕೂತು ಎಲ್ಲವನ್ನೂ ಹೇಳಿದ. ಅಂಕಿಗಳ ಸಮೇತ ಹೇಳಿದ. ನಲವತ್ತು, ನೂರ ಹತ್ತು, ನೂರ ನಲವತ್ತೆಂಟು. ಅವಳ ಕೈಯ ಸೂಜಿ ನಿಂತಿತು.

"ಅಂದ್ರೆ ನಂಗೆ ಹಾಕಿದ್ದು ಕೆಟ್ಟ ರಕ್ತ."

"ಹೌದಕ್ಕ."

"ಗೊತ್ತಿದ್ದೂ ಹಾಕಿದ್ರಾ?"

"ಗೊತ್ತಿರಲಿಲ್ಲ. ಗೊತ್ತಾಗಬೇಕಿತ್ತು."

ಅವಳು ಕೊರಳಲ್ಲಿದ್ದ ಬಟ್ಟೆಯ ಟೇಪನ್ನು ಎಳೆದು ಅವನ ಮುಂದೆ ಹಿಡಿದಳು.

"ನೋಡು ತಮ್ಮ. ಇದನ್ನ ದಿನಾ ಎಳೆದೂ ಎಳೆದೂ ಉದ್ದ ಆಗಿಬಿಡುತ್ತೆ. ಆಗಿದ್ದು ಕಣ್ಣಿಗೆ ಕಾಣಲ್ಲ. ಅದಕ್ಕೇ ವಾರಕ್ಕೊಂದ್ಸಲ ಆ ಕಬ್ಬಿಣದ ಪಟ್ಟಿ ಪಕ್ಕ ಹಿಡಿದು ನೋಡ್ತೀನಿ. ನೀನು ಹಿಡಿದು ನೋಡ್ಲಿಲ್ವಾ?"

"ಮೊದಮೊದಲು ನೋಡ್ತಿದ್ದೆ."

"ಆಮೇಲೆ?"

"ಬಿಟ್ಟೆ."

"ನಾನು ಅಳತೆ ತಪ್ಪಿದ್ರೆ ಹೊಲಿಗೆ ಬಿಚ್ಚಿ ಇನ್ನೊಂದ್ಸಲ ಹೊಲೀತೀನಿ. ನೀನು ಏನನ್ನ ಬಿಚ್ತೀಯಾ?"

ಅವಳೇ ತೋಳು ಮೇಲೆ ಮಾಡಿ ಕೈ ಚಾಚಿದಳು. "ತಗೋ. ಏನು ನೋಡ್ಬೇಕೋ ನೋಡು. ಇದ್ರೆ ಇದೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಮಧ್ಯದ್ದು ಹೇಳ್ಬೇಡ."

ಆ ದಿನದ ರಕ್ತದಲ್ಲಿ ಏನೂ ಇರಲಿಲ್ಲ. ಅದಕ್ಕೆ ಅರ್ಥವೂ ಇರಲಿಲ್ಲ, ಈ ವೈರಾಣು ಕಾಣಿಸಿಕೊಳ್ಳಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ದೊಡ್ಡವರಾದ ಮೇಲೆ ತಗುಲಿಕೊಂಡರೆ ನೂರಕ್ಕೆ ತೊಂಬತ್ತೈದು ಜನರ ಮೈ ಅದನ್ನು ಆರು ತಿಂಗಳೊಳಗೆ ಹೊರಗಟ್ಟುತ್ತದೆ. ಉಳಿದ ಐದು ಜನರಲ್ಲಿ ಅದು ಲಿವರಿನೊಳಗೆ ಬಿಡಾರ ಹೂಡುತ್ತದೆ, ಮುಂದೆ ಎಂದೋ ಲಿವರನ್ನೇ ತಿನ್ನುತ್ತದೆ. ಅವಳು ಯಾವ ಗುಂಪಿನವಳು ಎಂಬುದು ಆರು ತಿಂಗಳಿಗೆ ಗೊತ್ತಾಗುವ ಮಾತು. ಅವನಿಗೆ ಆ ಆರು ತಿಂಗಳು ಬೇರೆ ಯಾವ ಚಿಂತೆಯೂ ಇರಲಿಲ್ಲ. ಅತ್ತಿಗೆಯದೂ ಮಗಳದೂ ಚೊಕ್ಕವಾಗಿ ಬಂದು, ಇಬ್ಬರಿಗೂ ಲಸಿಕೆ ಹಾಕಿಸಿ ಆಗಿತ್ತು. ಅವನದನ್ನು ಕೇಳಿದರೆ, "ನನ್ನದು ನಡೀತಿದೆ," ಎನ್ನುತ್ತಿದ್ದ, ಕೋರ್ಟಿನಲ್ಲಿರುವ ಕೇಸಿನ ಬಗ್ಗೆ ಹೇಳುವಂತೆ.

ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ನಾಲ್ಕು ಸಾಲಿನ ಉತ್ತರ ಬರೆದ. ತಪ್ಪು ನನ್ನದು ಎಂಬುದು ಅದರಲ್ಲಿ ಮೊದಲನೆಯ ಸಾಲು. ಒಂದು ವರ್ಷ ಅವನನ್ನು ಪರೀಕ್ಷೆಯ ಮೇಜಿನಿಂದ ತೆಗೆದು ಗಾಜಿನ ಸಾಮಾನು ತೊಳೆಯುವಲ್ಲಿಗೆ ಹಾಕಿದರು. ತಿಂಗಳಿಗೊಮ್ಮೆ ಹೊಲಿಗೆಯವಳ ಮೆಟ್ಟಿಲು ಹತ್ತಿ ರಕ್ತ ತರುವುದಕ್ಕೆ ಮಾತ್ರ ಅನುಮತಿ ಪಡೆದುಕೊಂಡಿದ್ದ. ಪರೀಕ್ಷೆ ಮಾಡುತ್ತಿದ್ದವರು ಬೇರೆಯವರು, ಇವನು ಗಾಜಿನ ಬಾಗಿಲಾಚೆ ಒದ್ದೆ ಕೈಯಲ್ಲಿ ನಿಂತಿರುತ್ತಿದ್ದ.

ಎರಡನೇ ತಿಂಗಳು ಅವಳ ಗುಳಿ ಹಳದಿಯಾಯಿತು. ಮೂರನೇ ತಿಂಗಳು ಕಣ್ಣೂ ಹಳದಿಯಾದವು. ಕಾಮಾಲೆ ಬಂದು ಮೂರು ವಾರ ಮಲಗಿದಳು. ಹೊಲಿಯಲು ಕೊಟ್ಟವರು ಬಟ್ಟೆಗಾಗಿ ಬಾಗಿಲು ತಟ್ಟುತ್ತಿದ್ದರು. ಅತ್ತಿಗೆ ತಾವಾಗಿಯೇ ಹೋಗಿ ಅವರವರ ಬಟ್ಟೆ ಹುಡುಕಿ ಹಿಂದಿರುಗಿಸಿದರು, ಒಂದೆರಡಕ್ಕೆ ಗುಂಡಿಯನ್ನೂ ಹಚ್ಚಿದರಂತೆ. "ನಿನ್ನ ಹೆಂಡ್ತಿ ಗುಂಡಿ ಹಚ್ಚಿದ ಮೇಲೆ ನನ್ನ ಹೆಸರು ಕೆಟ್ಟಿದ್ದು, ನಿಮ್ಮ ರಕ್ತದಿಂದ ಅಲ್ಲ," ಎಂದಳು ಹೊಲಿಗೆಯವಳು, ನಾಲ್ಕನೇ ತಿಂಗಳು ಎದ್ದು ಕೂತ ಮೇಲೆ. ಅವಳು ನಗಿಸಲು ಹೇಳಿದಳೋ ಚುಚ್ಚಲು ಹೇಳಿದಳೋ ನನಗೆ ತಿಳಿಯಲಿಲ್ಲ. ಅವನು ನಗಲಿಲ್ಲ.

ಆರನೇ ತಿಂಗಳು ಅವಳದನ್ನೂ ಅವನದನ್ನೂ ಒಂದೇ ತಟ್ಟೆಯಲ್ಲಿ ಹಾಕಿದರು. ಮೊದಲ ಮೂರು ಗುಳಿಗಳಲ್ಲಿ ಕಿಟ್ಟಿನ ಸೀಸೆಯದು. ಅವಳದು ನಲವತ್ತಮೂರು. ಅವನ ಗುಳಿಯನ್ನು ಯಂತ್ರಕ್ಕಿಡುವ ಅಗತ್ಯವೇ ಇರಲಿಲ್ಲ, ಬಾಗಿಲಿನಿಂದಲೇ ಕಾಣುತ್ತಿತ್ತು. ಅವನು ಅದನ್ನು ನೋಡಲೇ ಇಲ್ಲ. ನಲವತ್ತಮೂರನ್ನು ಮೂರು ಸಲ ಓದಿಸಿಕೊಂಡು, ಬೆಂಚಿಗೆ ಬಂದು ಡಬ್ಬಿ ಬಿಚ್ಚಿದ. ಅರ್ಧ ಊಟವಾದ ಮೇಲೆ ಹೇಳಿದ:

"ನೂರರಲ್ಲಿ ಐದು ಜನ ಕಣೇ. ಶಾಲೆಯಲ್ಲಿ ಯಾವತ್ತೂ ಮೊದಲ ಐದರಲ್ಲಿ ಬಂದವನಲ್ಲ ನಾನು."

ಆಮೇಲೆ ಒಂದು ವರ್ಷಕ್ಕೆ ಅವನು ನನ್ನ ಕೋಣೆಗೆ ಬಂದ, ಒಂದು ಸೀಸೆಯಲ್ಲಿ. ಲಿವರಿಗೆ ಸೂಜಿ ಹಾಕಿ ತೆಗೆದ ಎಳೆ. ದಾರದಷ್ಟು ದಪ್ಪ, ಉಗುರಿನಷ್ಟು ಉದ್ದ. ಬೇರೆಯವರಿಗೆ ಕೊಡುತ್ತೇನೆ ಎಂದರು ನಮ್ಮ ಡಾಕ್ಟರು. ನಾನೇ ಮಾಡುತ್ತೇನೆ ಎಂದೆ. ಅಂಗಾಂಶದಲ್ಲಿ ಈ ವೈರಾಣುವನ್ನು ಹಿಡಿಯಲು ನಮ್ಮಲ್ಲಿದ್ದದ್ದು ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವಿನಿಂದ ತೆಗೆದ ಬಣ್ಣ. ವೈರಾಣುವಿನ ಕವಚ ತುಂಬಿಕೊಂಡ ಜೀವಕೋಶ ಅದರಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ಬಣ್ಣ ಸರಿಯಾಗಿ ಹತ್ತಿದೆಯೇ ಎಂದು ತಿಳಿಯಲು, ರೋಗವಿರುವುದು ಖಚಿತವಾಗಿರುವ ಹಳೆಯ ಲಿವರಿನ ಒಂದು ಸೀಳನ್ನೂ ಜೊತೆಗೇ ಅದ್ದಬೇಕು. ಅವನ ಕೋಣೆಯಲ್ಲಿ ಇಲ್ಲ ಎಂಬುದಕ್ಕೆ ಸಾಕ್ಷಿ ಬೇಕು, ನನ್ನಲ್ಲಿ ಇದೆ ಎಂಬುದಕ್ಕೆ. ನನ್ನ ಸಾಕ್ಷಿ ಯಾರೋ ಹೆಸರಿಲ್ಲದವರ ಮೇಣದ ತುಂಡು, ಸವೆದು ಸಣ್ಣದಾಗುತ್ತಾ ಬಂದಿತ್ತು.

ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಮಾಮೂಲಿ ಬಣ್ಣದ ಪಟ್ಟಿಯಲ್ಲಿ ಕೆಲವು ಕೋಶಗಳು ಉಜ್ಜಿದ ಗಾಜಿನಂತೆ ಮಂಕಾಗಿದ್ದವು. ಕಲ್ಲುಹೂವಿನ ಬಣ್ಣದಲ್ಲಿ ಅವೇ ಕಂದು ಕಂದಾಗಿ ಎದ್ದು ನಿಂತಿದ್ದವು.

"ಎಷ್ಟು?" ಎಂದ.

"ಹತ್ತಕ್ಕೆ ಮೂರು."

"ನನ್ನನ್ನ ಸೊನ್ನೆ ಅಂದವರು ಯಾರೇ?" ಎಂದ. ಕಣ್ಣು ತೆಗೆಯಲಿಲ್ಲ.

ಮಾತ್ರೆಗಳಿದ್ದವು, ತಪ್ಪದೆ ನುಂಗಿದ. ಹದಿಮೂರು ವರ್ಷ ಚೆನ್ನಾಗಿಯೇ ಇದ್ದ. ಪರೀಕ್ಷೆಯ ಮೇಜಿಗೆ ಹಿಂದಿರುಗಿದ, ಸೀಸೆ ದೊಡ್ಡದಿರುವ ಕಿಟ್ಟುಗಳನ್ನೇ ತರಿಸಬೇಕೆಂದು ಹಟ ಹಿಡಿದು ಗೆದ್ದ, ಮಗಳ ಮದುವೆ ಮಾಡಿದ, ನಲ್ಲಿಗೆ ವಾಷರ್ ಹಾಕಿದ. ಹೊಲಿಗೆಯವಳು ವರ್ಷಕ್ಕೊಮ್ಮೆ, ಶಸ್ತ್ರಚಿಕಿತ್ಸೆಯಾದ ತಿಂಗಳಿನಲ್ಲಿ, ತಾನಾಗಿಯೇ ಬಂದು ತೋಳು ಚಾಚುತ್ತಿದ್ದಳು. ಒಂದು ಸಲ ಹೋದದ್ದು ಮತ್ತೆ ಬರುವುದಿಲ್ಲವೆಂದು ಅವನು ಎಷ್ಟು ಹೇಳಿದರೂ, "ನೀನು ಹೇಳೋದು ಹೇಳು, ನಾನು ಹಿಡಿದು ನೋಡೋದು ನೋಡ್ತೀನಿ," ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಅವನ ಲಿವರಿನಲ್ಲಿ ಗಂಟು ಕಂಡಿತು. ಗಂಟನ್ನು ಸುತ್ತಲಿನ ಭಾಗದ ಸಮೇತ ಕತ್ತರಿಸಿ ತೆಗೆದರು. ಈ ಸಲ ನನ್ನ ಕೋಣೆಗೆ ಬಂದದ್ದು ಅಂಗೈಯಷ್ಟು. ಸುತ್ತಲಿನ ಭಾಗದ ಕೋಶಗಳಲ್ಲಿ ಅರ್ಧಕ್ಕರ್ಧ ಕಂದು. ಮನೆಗೆ ಹೋಗುವ ಮೊದಲು ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬಂದ.

"ನಿನ್ನ ಹಳೇ ತುಂಡು ಮುಗೀತು ಅಂತಿದ್ದೆಯಲ್ಲ. ನನ್ನದನ್ನ ಇಟ್ಕೋ. ಬರೆದುಕೊಡ್ತೀನಿ."

"ಸುಮ್ನೆ ಮನೆಗೆ ಹೋಗೋ."

"ತಮಾಷೆ ಅಲ್ಲ ಕಣೇ. ಆದ್ರೆ ಒಂದು ಮಾತು. ಮೇಣದಲ್ಲಿ ಕೂತೂ ಕೂತೂ ಇದೂ ಕೆಡುತ್ತೆ. ಹಿಡಿದು ನೋಡೋದು ಬಿಡಬೇಡ. ಬೇರೆ ಆಸ್ಪತ್ರೆಯಿಂದ ಒಂದು ತುಂಡು ತರಿಸಿ ಪಕ್ಕದಲ್ಲಿಟ್ಟು ನೋಡು. ಪ್ರತಿ ಸಲ."

ಒಪ್ಪಿಗೆಯ ಹಾಳೆಗೆ ಸಹಿ ಹಾಕಿದ. ಆಗಿನಿಂದ ಆ ತುಂಡೇ ನನ್ನ ಸಾಕ್ಷಿ. ಯಾರದೇ ಲಿವರ್ ಬರಲಿ, ಅದರ ಜೊತೆ ಅವನದೊಂದು ಸೀಳು ಬಣ್ಣಕ್ಕೆ ಇಳಿಯುತ್ತದೆ.

ಗಂಟು ಮತ್ತೆ ಬಂತು. ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಅವನು ಹೋದ. ಕೊನೆಯ ವಾರ ನೋವು ತುಂಬಾ ಇದೆಯಾ ಎಂದು ಅತ್ತಿಗೆ ಕೇಳಿದ್ದರಂತೆ. "ಹತ್ತಕ್ಕೆ ಏಳು," ಎಂದಿದ್ದನಂತೆ. ಮರುದಿನ ನಾನು ಕೆಲಸಕ್ಕೆ ಹೋದೆ. ಬೆಂಚಿನ ಕಾಲ ಕೆಳಗಿನ ರಟ್ಟು ನಜ್ಜಾಗಿತ್ತು. ಬದಲಿಸಿದೆ. ಆ ದಿನ ಒಂದು ಲಿವರ್ ಬಂದಿತ್ತು. ಅವನ ತುಂಡನ್ನು ಯಂತ್ರಕ್ಕೆ ಕಚ್ಚಿಸಿ ಸೀಳಿದೆ, ಪಕ್ಕದಲ್ಲಿ ಬೇರೆ ಆಸ್ಪತ್ರೆಯ ತುಂಡನ್ನೂ. ಎರಡೂ ಸಮನಾಗಿ ಕಂದಾಗಿದ್ದವು. ಪುಸ್ತಕದಲ್ಲಿ ಹಾಗೆಯೇ ಬರೆದೆ.

ಕಳೆದ ವಾರ ಹೊಲಿಗೆಯವಳು ಬಂದಿದ್ದಳು. ಅವಳ ತಿಂಗಳು. ಅವನು ಹೋದದ್ದು ಗೊತ್ತಿರಲಿಲ್ಲ. ಓಣಿಯಲ್ಲಿ ನಾನು ಹೇಳಿದೆ. ಬೆಂಚಿನ ಮೇಲೆ ಕೂತಳು. ಈಗ ಅವಳಿಗೆ ಅರವತ್ತು ದಾಟಿದೆ, ಕನ್ನಡಕದ ದಾರ ಕೊರಳಿನ ಟೇಪಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುತ್ತಾ ಕೂತಿದ್ದಳು. ಆಮೇಲೆ ಎದ್ದು ರಕ್ತದ ಕೋಣೆಗೆ ಹೋಗಿ ತೋಳು ಚಾಚಿದಳು. ಅಲ್ಲಿ ಈಗ ಕೆಲಸ ಮಾಡುವ ಹೆಣ್ಣುಮಗಳು ರಕ್ತ ತೆಗೆದಳು. ಎರಡು ಗಂಟೆ ಕಾದೆವು.

"ಇಲ್ಲಮ್ಮ. ಮೂವತ್ತೊಂಬತ್ತು," ಎಂದಳು ಅವಳು ಹೊರಗೆ ಬಂದು.

"ಸೊನ್ನೆಗೆ ಯಾರದನ್ನ ಹಾಕಿದ್ದೀಯಮ್ಮ?" ಎಂದು ಕೇಳಿದಳು ಹೊಲಿಗೆಯವಳು.

ಹೊಸಬಳು ನನ್ನ ಮುಖ ನೋಡಿದಳು. "ಕಿಟ್ಟಿನ ಸೀಸೆಯದು."

"ಅದನ್ನ ಇನ್ನೊಂದರ ಪಕ್ಕ ಹಿಡಿದು ನೋಡಿದ್ದೀಯಾ?"

"ನೋಡ್ತೀವಮ್ಮ. ಪ್ರತಿ ಹೊಸ ಕಿಟ್ಟಿಗೂ. ಗೋಡೆ ಮೇಲೆ ಬರೆದಿದೆ."

ಗೋಡೆಯ ಮೇಲೆ, ಫ್ರೀಜರಿನ ಪಕ್ಕ, ಅವನ ಪೆನ್ಸಿಲ್ಲಿನ ಅಕ್ಷರ ಇನ್ನೂ ಇದೆ. ಹೊಲಿಗೆಯವಳು ಒಳಗೆ ಹೋಗಿ ಅದನ್ನು ಓದಿದಳು. ನಂತರ ಮಡಚಿದ್ದ ರವಿಕೆಯ ತೋಳನ್ನು ಕೆಳಗಿಳಿಸಿ, ಅದರ ಗುಂಡಿ ಹಾಕಿಕೊಂಡಳು.